ಪ್ಲಾಟಿನಂ ತಂತಿ, ಯೂ ಮರದ ತೊಗಟೆ

ಅಂಡಾಶಯದ ಕ್ಯಾನ್ಸರ್ ಮುಂದುವರಿದ ಹಂತದಲ್ಲಿರುವ ಮಹಿಳೆಗೆ ಕೀಮೋಥೆರಪಿ ಶುರುವಾಗುವುದು ಬೆಂಗಳೂರಿನಲ್ಲಿರಲಿ, ಲಂಡನ್ನಿನಲ್ಲಿರಲಿ, ಡ್ರಿಪ್ಪಿನಲ್ಲಿ ಇಳಿಯುವ ಔಷಧಿಗಳು ಹೆಚ್ಚುಕಡಿಮೆ ಅವೇ ಎರಡು. ಮೊದಲು ಪ್ಯಾಕ್ಲಿಟ್ಯಾಕ್ಸೆಲ್, ಸುಮಾರು ಮೂರು ಗಂಟೆ. ಆಮೇಲೆ ಕಾರ್ಬೊಪ್ಲಾಟಿನ್, ಅರ್ಧ ಗಂಟೆಯೋ ಒಂದು ಗಂಟೆಯೋ. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ. ಮೊದಲನೆಯದರ ಮೂಲ ಒಂದು ಕಾಡುಮರದ ತೊಗಟೆ. ಎರಡನೆಯದರ ಮೂಲ ಒಡವೆ ಅಂಗಡಿಯಲ್ಲಿ ಕಾಣುವ ಪ್ಲಾಟಿನಂ ಲೋಹ. ಈ ಜೋಡಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ತನ್ನ ಜಾಗ ಬಿಟ್ಟು ಕದಲಿಲ್ಲ. ಇದಕ್ಕೆ ಮೂರನೆಯದೊಂದನ್ನು ಸೇರಿಸಲು, ಕೊಡುವ ದಾರಿ ಬದಲಿಸಲು, ಅಂತರ ತಗ್ಗಿಸಲು ನಡೆದ ಪ್ರಯತ್ನಗಳು ಒಂದೆರಡಲ್ಲ. ಹೆಚ್ಚಿನವು ಸೋತವು. ಗೆದ್ದ ಔಷಧಿಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಸೋತದ್ದನ್ನು ಸೋತಿದೆ ಎಂದು ಹೇಗೆ ಕಂಡುಕೊಂಡರು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಅಂಡಾಶಯ ಬಾದಾಮಿ ಗಾತ್ರದ ಅಂಗ, ಕಿಬ್ಬೊಟ್ಟೆಯ ಆಳದಲ್ಲಿ ಕೂತಿದೆ. ಅಲ್ಲಿ ಹುಟ್ಟಿದ ಗಡ್ಡೆ ಬೆಳೆಯಲು ಜಾಗ ಧಾರಾಳವಾಗಿರುವುದರಿಂದ ಬಹಳ ದಿನ ಯಾರ ಗಮನಕ್ಕೂ ಬರುವುದಿಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಸೊಂಟ ನೋವು. ಇವೆಲ್ಲ ಯಾವ ಹೆಂಗಸಿಗೆ ಇಲ್ಲ? ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ತಿಂಗಳುಗಳು ಕಳೆಯುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿ ಸೀರೆ ಬಿಗಿಯಾಗುವ ಹೊತ್ತಿಗೆ ಕ್ಯಾನ್ಸರ್ ಅಂಡಾಶಯ ದಾಟಿ ಹೊಟ್ಟೆಯ ಒಳಪೊರೆಯ ಮೇಲೆಲ್ಲ ರಾಗಿ ಚೆಲ್ಲಿದ ಹಾಗೆ ಹರಡಿರುತ್ತದೆ. ವೈದ್ಯರು ಇದನ್ನು ಮೂರನೆಯ ಹಂತ ಎನ್ನುತ್ತಾರೆ, ಹೊಟ್ಟೆಯ ಆಚೆಗೂ ಹೋದರೆ ನಾಲ್ಕನೆಯದು. ಬಹುಪಾಲು ರೋಗಿಗಳು ಆಸ್ಪತ್ರೆ ಮುಟ್ಟುವುದು ಈ ಎರಡು ಹಂತಗಳಲ್ಲೇ. ಶಸ್ತ್ರಚಿಕಿತ್ಸಕರು ಎಷ್ಟೇ ಶ್ರದ್ಧೆಯಿಂದ ಕತ್ತರಿಸಿ ತೆಗೆದರೂ ಕಣ್ಣಿಗೆ ಕಾಣದ ಕಾಳುಗಳು ಉಳಿಯುತ್ತವೆ. ಅವುಗಳ ಹಿಂದೆ ಹೋಗಬೇಕಾದದ್ದು ಔಷಧಿ.

ಮೊದಲ ಔಷಧಿಗಳು ಯುದ್ಧದಿಂದ ಬಂದವು. ಮೊದಲ ಮಹಾಯುದ್ಧದ ಮಸ್ಟರ್ಡ್ ಅನಿಲಕ್ಕೆ ಸಿಕ್ಕವರ ರಕ್ತದಲ್ಲಿ ಬಿಳಿಕಣಗಳು ಕುಸಿದಿದ್ದವು. ಅದೇ ಬಗೆಯ ನೈಟ್ರೋಜನ್ ಮಸ್ಟರ್ಡನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯತ್ನಿಸಿದರು. ಅದನ್ನು ಪಳಗಿಸಿ ಮಾಡಿದ ಮೆಲ್ಫಲಾನ್, ಕ್ಲೋರಾಂಬುಸಿಲ್‌ಗಳನ್ನು 1950ರ ದಶಕದಿಂದ ಅಂಡಾಶಯದ ಕ್ಯಾನ್ಸರಿಗೆ ಕೊಡತೊಡಗಿದರು. ನುಂಗುವ ಮಾತ್ರೆ, ಮನೆಯಲ್ಲೇ ತೆಗೆದುಕೊಳ್ಳಬಹುದು. ಅರ್ಧದಷ್ಟು ಹೆಂಗಸರಲ್ಲಿ ಗಡ್ಡೆ ಕುಗ್ಗುತ್ತಿತ್ತು, ಆಮೇಲೆ ಮರಳುತ್ತಿತ್ತು. ಬಹಳ ಕಾಲ ಮಾತ್ರೆ ನುಂಗಿ ಬದುಕುಳಿದ ಕೆಲವರಲ್ಲಿ ಅದೇ ಮಾತ್ರೆ ರಕ್ತದ ಕ್ಯಾನ್ಸರ್ ತಂದದ್ದು 1970ರ ದಶಕದಲ್ಲಿ ಬೆಳಕಿಗೆ ಬಂತು.

ಒಂದಕ್ಕಿಂತ ಹೆಚ್ಚು ಔಷಧಿಯನ್ನು ಒಟ್ಟಿಗೆ ಕೊಡಬೇಕು ಎಂಬ ಯೋಚನೆ ಕ್ಯಾನ್ಸರಿನವರಿಗೆ ಕ್ಷಯದಿಂದ ಸಿಕ್ಕ ಪಾಠ. ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಪಡೆದ ಕ್ಷಯರೋಗಿಗಳು ಮೊದಲು ಚೇತರಿಸಿಕೊಂಡರು, ಆಮೇಲೆ ಅನೇಕರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎದ್ದು ನಿಂತವು. ಜೊತೆಗೆ ಪಾಸ್ ಎಂಬ ಇನ್ನೊಂದು ಔಷಧಿ ಕೊಟ್ಟಾಗ ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಒಂದರಿಂದ ತಪ್ಪಿಸಿಕೊಂಡ ಜೀವಕೋಶ ಇನ್ನೊಂದಕ್ಕೆ ಸಿಗಲಿ ಎಂಬ ಲೆಕ್ಕ. 1960ರ ದಶಕದಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿನಲ್ಲೂ ಹಾಜ್ಕಿನ್ ರೋಗದಲ್ಲೂ ಈ ಲೆಕ್ಕ ಫಲಿಸಿತು. ನಿಯಮ ಸರಳ: ಸೇರಿಸುವ ಪ್ರತಿ ಔಷಧಿಯೂ ಒಂಟಿಯಾಗಿ ಕೆಲಸ ಮಾಡುವಂಥದ್ದಾಗಿರಬೇಕು, ಒಂದೊಂದೂ ಬೇರೆ ಬೇರೆ ಜಾಗದಲ್ಲಿ ಹೊಡೆಯಬೇಕು, ಒಂದರ ವಿಷ ಇನ್ನೊಂದರ ವಿಷದ ಮೇಲೆ ಪೇರಿಸಿಕೊಳ್ಳಬಾರದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಬರ್ಟ್ ಯಂಗ್ ಮತ್ತು ಸಂಗಡಿಗರು ಹೆಕ್ಸಾ-ಕಾಫ್ ಎಂಬ ನಾಲ್ಕು ಔಷಧಿಗಳ ಕಟ್ಟನ್ನು ಮೆಲ್ಫಲಾನ್ ಎದುರು ನಿಲ್ಲಿಸಿದರು. 1978ರಲ್ಲಿ ಬಂದ ಫಲಿತಾಂಶದಲ್ಲಿ ನಾಲ್ಕರ ಕಟ್ಟೇ ಮೇಲಾಯಿತು. ಆದರೆ ಅಷ್ಟರಲ್ಲಿ ಆ ನಾಲ್ಕನ್ನೂ ಹಿಂದೆ ಹಾಕುವ ಒಂದು ಔಷಧಿ ಆಸ್ಪತ್ರೆಗಳಿಗೆ ಬಂದಾಗಿತ್ತು. ಅದು ಬಂದ ದಾರಿ ವಿಚಿತ್ರವಾದದ್ದು.

ಬಾರ್ನೆಟ್ ರೋಸೆನ್‌ಬರ್ಗ್ ವೈದ್ಯರಲ್ಲ, ಭೌತವಿಜ್ಞಾನ ಕಲಿತವರು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದರು. ಜೀವಕೋಶ ಎರಡಾಗಿ ಒಡೆಯುವಾಗಿನ ಚಿತ್ರ ಅವರಿಗೆ ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಜೋಡಿಸಿಕೊಳ್ಳುವ ರೇಖೆಗಳ ಹಾಗೆ ಕಂಡಿತು. ಹಾಗಾದರೆ ವಿದ್ಯುತ್ ಕ್ಷೇತ್ರಕ್ಕೆ ಕೋಶ ಹೇಗೆ ಸ್ಪಂದಿಸೀತು? ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಯುವ ದ್ರಾವಣದೊಳಗೆ ಎರಡು ಪ್ಲಾಟಿನಂ ತುಣುಕುಗಳನ್ನು ಇಳಿಬಿಟ್ಟು ವಿದ್ಯುತ್ ಹಾಯಿಸಿದರು. ಪ್ಲಾಟಿನಂ ಏಕೆಂದರೆ ಅದು ಯಾವುದರ ಜೊತೆಗೂ ಸೇರದ, ತಟಸ್ಥ ಲೋಹ ಎಂಬ ಹೆಸರಿನದು. ಬ್ಯಾಕ್ಟೀರಿಯಾ ಒಡೆಯುವುದನ್ನು ನಿಲ್ಲಿಸಿ ಉದ್ದುದ್ದ ಬೆಳೆದವು, ಕೆಲವು ಸಹಜ ಉದ್ದದ 300 ಪಟ್ಟು, ಶಾವಿಗೆಯ ಎಳೆಗಳ ಹಾಗೆ. ವಿದ್ಯುತ್ತಿನ ಮಹಿಮೆ ಎಂದು ಸಂಭ್ರಮಿಸುವುದು ಸುಲಭವಿತ್ತು. ರೋಸೆನ್‌ಬರ್ಗ್ ಮತ್ತು ಲೊರೆಟ್ಟಾ ವ್ಯಾನ್ ಕ್ಯಾಂಪ್ ಒಂದೊಂದೇ ಕಾರಣವನ್ನು ತೆಗೆದುಹಾಕುತ್ತ ಹೋದರು. ಕೊನೆಗೆ ಉಳಿದದ್ದು ತಟಸ್ಥವೆಂದು ನಂಬಿದ್ದ ಆ ಲೋಹವೇ. ದ್ರಾವಣದಲ್ಲಿದ್ದ ಅಮೋನಿಯಂ ಕ್ಲೋರೈಡಿನ ಜೊತೆ ಅದು ಸದ್ದಿಲ್ಲದೆ ಕರಗಿ ಒಂದು ಸಂಯುಕ್ತವಾಗಿತ್ತು. 1965ರಲ್ಲಿ ಈ ವಿಷಯ ನೇಚರ್ ಪತ್ರಿಕೆಯಲ್ಲಿ ಬಂತು. ಮಿಷೆಲ್ ಪೈರೋನೆ ಎಂಬ ಇಟಲಿಯ ರಸಾಯನಶಾಸ್ತ್ರಜ್ಞ 1840ರ ದಶಕದಲ್ಲೇ ಅಂಥದ್ದೊಂದು ಪ್ಲಾಟಿನಂ ಲವಣವನ್ನು ತಯಾರಿಸಿದ್ದ. ಅದೇ ಸಿಸ್‌ಪ್ಲಾಟಿನ್. ನೂರಿಪ್ಪತ್ತು ವರ್ಷ ಸೀಸೆಯಲ್ಲಿ ಕೂತಿದ್ದ ವಸ್ತು ಅದು!

ಕೋಶ ಒಡೆಯುವುದನ್ನು ತಡೆಯುವ ವಸ್ತು ಕ್ಯಾನ್ಸರನ್ನೂ ತಡೆಯಬಹುದಲ್ಲ ಎಂದು ಇಲಿಗಳಿಗೆ ಕೊಟ್ಟು ನೋಡಿದರು. ಗಡ್ಡೆಗಳು ಕರಗಿದವು. 1969ರಲ್ಲಿ ಎರಡನೆಯ ಲೇಖನ ಬಂತು. ಮನುಷ್ಯರಿಗೆ ಕೊಟ್ಟಾಗ ಮಾತ್ರ ಔಷಧಿ ಭಯಾನಕವಾಗಿತ್ತು. ಮೂತ್ರಪಿಂಡ ಕೆಡುತ್ತಿತ್ತು, ಕಿವಿ ಮಂದವಾಗುತ್ತಿತ್ತು. ವಾಂತಿ ಎಷ್ಟೆಂದರೆ ಮುಂದಿನ ಡೋಸೇ ಬೇಡ ಎಂದು ರೋಗಿಗಳು ಹಿಂದೆ ಸರಿಯುತ್ತಿದ್ದರು. ಇದನ್ನು ಕೈಬಿಡುವುದೇ ಲೇಸು ಎಂಬ ಮಾತು ಗಂಭೀರವಾಗಿಯೇ ನಡೆದಿತ್ತು. ಔಷಧಿಯನ್ನು ಉಳಿಸಿದ್ದು ನೀರು. ಮೊದಲೂ ಆಮೇಲೂ ಲೀಟರುಗಟ್ಟಲೆ ಸಲೈನ್ ಹರಿಸಿ, ಮೂತ್ರ ಹೆಚ್ಚಿಸುವ ಮ್ಯಾನಿಟಾಲ್ ಕೊಟ್ಟರೆ ಮೂತ್ರಪಿಂಡ ತಾಳಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ವೈದ್ಯರು ತೋರಿಸಿದರು. ಔಷಧಿ ಕಂಡುಹಿಡಿದವರ ಹೆಸರು ಪುಸ್ತಕಗಳಲ್ಲಿರುತ್ತದೆ. ನೀರು ಹಾಕಿ ಅದನ್ನು ಸಹ್ಯ ಮಾಡಿದವರನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ.

ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ವೈದ್ಯೆ ಈವ್ ವಿಲ್ಟ್‌ಶಾ ಸಿಸ್‌ಪ್ಲಾಟಿನ್ನನ್ನು ಅಂಡಾಶಯದ ಕ್ಯಾನ್ಸರಿಗೆ ತಂದವರಲ್ಲಿ ಮುಖ್ಯರು. ಬೇರೆ ಔಷಧಿಗಳಿಗೆ ಬಗ್ಗದೆ ಕೈಚೆಲ್ಲಿದ್ದ ಮಹಿಳೆಯರಲ್ಲೂ ಕೆಲವರ ಗಡ್ಡೆ ಕುಗ್ಗಿದ್ದನ್ನು ಅವರು 1976ರಲ್ಲಿ ವರದಿ ಮಾಡಿದರು. 1978ರ ಕೊನೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ವಾಂತಿಯ ಕಾಟ ತಪ್ಪಿಸುವ ಹುಡುಕಾಟದಲ್ಲಿ ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮಾರ್ಸ್‌ಡೆನ್ ಆಸ್ಪತ್ರೆ ಮತ್ತು ಲೋಹ ವ್ಯಾಪಾರದ ಜಾನ್ಸನ್ ಮ್ಯಾಥೆ ಕಂಪನಿ ಕೂಡಿ ಕಾರ್ಬೊಪ್ಲಾಟಿನ್ ತಂದವು. ಅದೇ ಪ್ಲಾಟಿನಂ, ಆದರೆ ಸಾಧುಗುಣದ್ದು. ಮೂತ್ರಪಿಂಡವನ್ನೂ ನರಗಳನ್ನೂ ಬಹುಪಾಲು ಬಿಟ್ಟು, ರಕ್ತದ ಪ್ಲೇಟ್‌ಲೆಟ್‌ಗಳ ಮೇಲೆ ಮುನಿಯುತ್ತದೆ. 1989ರಲ್ಲಿ ಹಿಲರಿ ಕ್ಯಾಲ್ವರ್ಟ್ ಅವರು ಪ್ರಕಟಿಸಿದ ಸೂತ್ರದಂತೆ ಇದರ ಡೋಸನ್ನು ರೋಗಿಯ ಎತ್ತರ ತೂಕ ನೋಡಿ ನಿಗದಿಮಾಡುವುದಿಲ್ಲ. ಮೂತ್ರಪಿಂಡ ಎಷ್ಟು ಬೇಗ ಸೋಸುತ್ತದೆ ಎಂಬುದರ ಮೇಲೆ ನಿಗದಿಮಾಡುತ್ತಾರೆ.

ಇನ್ನು ತೊಗಟೆಯ ಕಥೆ. ಗಿಡಮರಗಳಲ್ಲಿ ಕ್ಯಾನ್ಸರ್ ಔಷಧಿ ಇದೆಯೇ ಎಂದು ಹುಡುಕಲು ಅಮೆರಿಕ ಸರ್ಕಾರ 1960ರಲ್ಲಿ ದೊಡ್ಡ ಕಾರ್ಯಕ್ರಮ ಹಾಕಿಕೊಂಡಿತು. ಅದರ ಭಾಗವಾಗಿ 1962ರ ಆಗಸ್ಟ್‌ನಲ್ಲಿ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್‌ಕ್ಲೇ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಮರದ ತೊಗಟೆ ಕಿತ್ತು ಚೀಲಕ್ಕೆ ತುಂಬಿದರು. ದೊಡ್ಡ ಮರಗಳ ನೆರಳಲ್ಲಿ ನಿಧಾನವಾಗಿ ಬೆಳೆಯುವ ಮರ ಅದು. ನಾಟಾ ವ್ಯಾಪಾರಿಗಳು ದೊಡ್ಡ ಮರ ಕಡಿಯುವಾಗ ಇದನ್ನು ಕಸವೆಂದು ಸುಡುತ್ತಿದ್ದರಂತೆ. ತೊಗಟೆ ಉತ್ತರ ಕ್ಯಾರೊಲಿನಾದ ಒಂದು ಪ್ರಯೋಗಾಲಯ ಸೇರಿತು. ಅಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದರ ಸಾರವನ್ನು ಬೇರ್ಪಡಿಸಿ 1971ರಲ್ಲಿ ಟ್ಯಾಕ್ಸಾಲ್ ರಚನೆಯನ್ನು ಪ್ರಕಟಿಸಿದರು. ವಾನಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ, ಓದಿದ್ದು ಮುಂಬಯಿಯಲ್ಲಿ. ಈ ಇಬ್ಬರ ಪ್ರಯೋಗಾಲಯದಿಂದ ಇನ್ನೊಂದು ಮರದ ಸತ್ವವೂ ಹೊರಬಂದಿತ್ತು. ಅದರ ಮಾತು ಮುಂದೆ ಬರುತ್ತದೆ.

ರಚನೆ ಗೊತ್ತಾದರೂ ಟ್ಯಾಕ್ಸಾಲ್ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಮತ್ತೆ ಮುನ್ನೆಲೆಗೆ ತಂದವರು ನ್ಯೂಯಾರ್ಕಿನ ಸೂಸನ್ ಹಾರ್‌ವಿಟ್ಜ್. ಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯಲು ಸಣ್ಣ ಸಣ್ಣ ನಳಿಗೆಗಳು ಕಟ್ಟಿಕೊಳ್ಳುತ್ತವೆ, ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತವೆ. ಹಳೆಯ ಕೆಲವು ಔಷಧಿಗಳು ಇವು ಕಟ್ಟಿಕೊಳ್ಳುವುದನ್ನೇ ತಡೆಯುತ್ತಿದ್ದವು. ಟ್ಯಾಕ್ಸಾಲ್ ಮಾಡಿದ್ದು ಅದಕ್ಕೆ ತದ್ವಿರುದ್ಧ: ಕಟ್ಟಿದ ನಳಿಗೆ ಬಿಚ್ಚದಂತೆ ಬಿಗಿದುಬಿಡುತ್ತಿತ್ತು. ಚಪ್ಪರ ಕಟ್ಟಿದವರು ಅದನ್ನು ಬಿಚ್ಚಲಾರದೆ ಅದರಡಿಯೇ ಸಿಕ್ಕಿಬಿದ್ದ ಹಾಗೆ ಕೋಶ ಸಾಯುತ್ತಿತ್ತು. 1979ರ ಈ ಶೋಧ ಎಲ್ಲರ ಕುತೂಹಲ ಕೆರಳಿಸಿತು. ಪ್ಲಾಟಿನಂ ಹೊಡೆಯುವುದು ಡಿಎನ್‌ಎಗೆ, ಇದು ಹೊಡೆಯುವುದು ನಳಿಗೆಗಳಿಗೆ. ಜೋಡಿ ಔಷಧಿಗಳ ಹಳೆಯ ನಿಯಮಕ್ಕೆ ಇವೆರಡೂ ಹೇಳಿ ಮಾಡಿಸಿದ ಹಾಗಿದ್ದವು.

ಆದರೆ ಟ್ಯಾಕ್ಸಾಲ್ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಬಳಸಿದ ಕ್ರೆಮೊಫೋರ್ ಎಂಬ ದ್ರವ ಮೂಲತಃ ನಮ್ಮ ಹರಳೆಣ್ಣೆಯಿಂದ ಮಾಡಿದ್ದು. 1980ರ ದಶಕದ ಮೊದಲ ಪರೀಕ್ಷೆಗಳಲ್ಲಿ ಡ್ರಿಪ್ ಹಾಕಿದ ನಿಮಿಷಗಳಲ್ಲೇ ಕೆಲವು ರೋಗಿಗಳಿಗೆ ಉಸಿರು ಕಟ್ಟಿತು, ರಕ್ತದೊತ್ತಡ ಕುಸಿಯಿತು. ಮತ್ತೆ ಔಷಧಿಯ ಕಥೆ ಮುಗಿಯಿತು ಎಂಬ ಪರಿಸ್ಥಿತಿ. ಮೊದಲೇ ಸ್ಟೀರಾಯ್ಡ್ ಮತ್ತು ಅಲರ್ಜಿ ತಡೆಯುವ ಚುಚ್ಚುಮದ್ದು ಕೊಟ್ಟು, ಔಷಧಿಯನ್ನು 24 ಗಂಟೆ ನಿಧಾನವಾಗಿ ಹರಿಸಿ ಇದನ್ನು ದಾಟಿದರು. ಈಗಲೂ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮುಂಚೆ ಕೊಡುವ ಸ್ಟೀರಾಯ್ಡ್ ಬಹುಮಟ್ಟಿಗೆ ಈ ಎಣ್ಣೆಯ ದೆಸೆಯಿಂದ. ಜಾನ್ಸ್ ಹಾಪ್‌ಕಿನ್ಸ್‌ನ ವಿಲಿಯಂ ಮ್ಯಾಕ್‌ಗ್ವಾಯರ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದಂತೆ, ಹಿಂದಿನ ಚಿಕಿತ್ಸೆಗಳನ್ನೆಲ್ಲ ದಾಟಿಬಂದಿದ್ದ 40 ಮಹಿಳೆಯರಲ್ಲಿ 12 ಮಂದಿಯ ಗಡ್ಡೆ ಕುಗ್ಗಿತು.

ಸುದ್ದಿ ಹರಡಿದ ಕೂಡಲೇ ತೊಗಟೆ ಸಾಲದಾಯಿತು. ತೊಗಟೆ ಸುಲಿದರೆ ಮರ ಸಾಯುತ್ತದೆ, ಒಬ್ಬ ರೋಗಿಯ ಚಿಕಿತ್ಸೆಗೆ ಹಲವು ಮರ ಬೇಕು. ಆ ಕಾಡುಗಳಲ್ಲಿ ಅಪರೂಪದ ಚುಕ್ಕೆಗೂಬೆಯೂ ಇತ್ತು. ಮರ ಮುಖ್ಯವೋ ಹೆಂಗಸು ಮುಖ್ಯವೋ ಎಂದು ಪತ್ರಿಕೆಗಳು ಕೇಳಿದವು. ಪ್ರಶ್ನೆಯೇ ವಕ್ರವಾಗಿತ್ತು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಮರಗಳನ್ನೆಲ್ಲ ಕಡಿದಿದ್ದರೆ ಮುಂದಿನ ವರ್ಷದ ರೋಗಿಗಳಿಗೆ ಏನೂ ಉಳಿಯುತ್ತಿರಲಿಲ್ಲ. ಫ್ರಾನ್ಸಿನ ಪಿಯೆರ್ ಪೊತಿಯೆ ಮತ್ತು ಫ್ಲೋರಿಡಾದ ರಾಬರ್ಟ್ ಹಾಲ್ಟನ್ ಯುರೋಪಿನ ಯೂ ಮರದ ಎಲೆಯಿಂದ ಅರ್ಧ ತಯಾರಾದ ಸತ್ವ ತೆಗೆದು, ಉಳಿದರ್ಧವನ್ನು ಪ್ರಯೋಗಾಲಯದಲ್ಲಿ ಪೂರೈಸುವ ದಾರಿ ಕಂಡುಕೊಂಡರು. ಎಲೆ ಮತ್ತೆ ಚಿಗುರುತ್ತದಲ್ಲ. ಹಿಮಾಲಯದ ಯೂ ಮರಕ್ಕೆ ಮಾತ್ರ ಈ ಬುದ್ಧಿ ತಡವಾಗಿ ತಲುಪಿತು. ಅದನ್ನು ಮನಸ್ವೀ ಕಡಿದು ಸಾಗಿಸಿದ ಮೇಲೆ 1990ರ ದಶಕದ ನಡುವಿನಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದರು. 1992ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪರವಾನಗಿ ಬಂತು. ಟ್ಯಾಕ್ಸಾಲ್ ಎಂಬ ಹೆಸರನ್ನು ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿ ತನ್ನ ಬ್ರ್ಯಾಂಡಾಗಿ ನೋಂದಾಯಿಸಿಕೊಂಡಿತು. ಇಪ್ಪತ್ತು ವರ್ಷ ವಿಜ್ಞಾನಿಗಳು ಕರೆದ ಹೆಸರು ಕಂಪನಿಗೆ ಹೋಗಿ, ಔಷಧಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹೊಸ ಹೆಸರಿಡಬೇಕಾಯಿತು.

ಎರಡು ಒಳ್ಳೆಯ ಔಷಧಿ ಕೈಯಲ್ಲಿದ್ದರೆ ಕೂಡಿಸಿ ಕೊಟ್ಟರಾಯಿತು ಎಂದು ನಮಗನ್ನಿಸಬಹುದು. ಆದರೆ ಕೂಡಿಸಿದ್ದರಿಂದ ಒಳ್ಳೆಯದಾಯಿತೋ, ಔಷಧಿ ಪಡೆದವರು ಮೊದಲೇ ಗಟ್ಟಿಯಾಗಿದ್ದರೋ ಎಂದು ಹೇಗೆ ತಿಳಿಯುವುದು? ಅದಕ್ಕೆ ಉಳಿದಿರುವ ಪ್ರಾಮಾಣಿಕ ದಾರಿ ಒಂದೇ: ಚೀಟಿ ಎತ್ತುವುದು. ಯಾರಿಗೆ ಹಳೆಯದು, ಯಾರಿಗೆ ಹೊಸದು ಎಂಬುದನ್ನು ವೈದ್ಯರೂ ಆರಿಸಬಾರದು, ರೋಗಿಯೂ ಆರಿಸಬಾರದು. ಸಾವಿನ ಭಯದಲ್ಲಿರುವ ಹೆಂಗಸನ್ನು, ಅಮ್ಮಾ, ನಿಮ್ಮ ಔಷಧಿಯನ್ನು ಚೀಟಿ ನಿರ್ಧರಿಸಲಿ, ಒಪ್ಪಿಗೆಯೇ ಎಂದು ಕೇಳುವುದು ಎಂಥ ಕೇಳಿಕೆ ಎಂದು ಒಮ್ಮೆ ಯೋಚಿಸಿ. ಒಪ್ಪಿದವರು ಸಾವಿರಾರು.

ಅಮೆರಿಕದ ಗೈನಕಾಲಜಿಕ್ ಆಂಕಾಲಜಿ ಗ್ರೂಪ್ ನಡೆಸಿದ 111ನೆಯ ಪ್ರಯೋಗದಲ್ಲಿ 410 ಮಹಿಳೆಯರು ಸೇರಿದರು. ಎಲ್ಲರಲ್ಲೂ ಶಸ್ತ್ರಚಿಕಿತ್ಸೆಯ ನಂತರವೂ ಗಡ್ಡೆ ಉಳಿದಿತ್ತು. ಒಂದು ಗುಂಪಿಗೆ ಸಿಸ್‌ಪ್ಲಾಟಿನ್ ಜೊತೆ ಹಳೆಯ ಸೈಕ್ಲೋಫಾಸ್ಫಮೈಡ್, ಇನ್ನೊಂದಕ್ಕೆ ಸಿಸ್‌ಪ್ಲಾಟಿನ್ ಜೊತೆ ಪ್ಯಾಕ್ಲಿಟ್ಯಾಕ್ಸೆಲ್. 1996ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು: ಹಳೆಯ ಜೋಡಿಗೆ 24 ತಿಂಗಳು, ಹೊಸದಕ್ಕೆ 38. ಈ ಅಂಕಿಗಳು ಸರಾಸರಿಯಲ್ಲ, ಮಧ್ಯಾಂಕ. ಗುಂಪಿನವರನ್ನೆಲ್ಲ ಬದುಕಿದ ಕಾಲದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಅವಧಿ. ಸಾಲಿನ ಒಂದು ತುದಿಯಲ್ಲಿ ಮೂರೇ ತಿಂಗಳಿಗೆ ಹೋದವರಿರಬಹುದು, ಇನ್ನೊಂದು ತುದಿಯಲ್ಲಿ ಮೊಮ್ಮಗಳ ಮದುವೆ ಮಾಡಿದವರಿರಬಹುದು. 14 ತಿಂಗಳ ಈ ಅಂತರ ಕ್ಯಾನ್ಸರ್ ವೈದ್ಯರಲ್ಲಿ ಸಂಚಲನ ಉಂಟುಮಾಡಿತು. ಯುರೋಪ್ ಮತ್ತು ಕೆನಡಾದವರು 680 ಮಹಿಳೆಯರಲ್ಲಿ ನಡೆಸಿದ ಇನ್ನೊಂದು ಪ್ರಯೋಗವೂ ಇದನ್ನೇ ಹೇಳಿತು. ಮುಂದೆ ಸಿಸ್‌ಪ್ಲಾಟಿನ್ ಜಾಗಕ್ಕೆ ಕಾರ್ಬೊಪ್ಲಾಟಿನ್ ಹಾಕಿದರೂ ಫಲ ಕಡಿಮೆಯಾಗುವುದಿಲ್ಲ, ಕಷ್ಟ ಕಡಿಮೆಯಾಗುತ್ತದೆ ಎಂದು 2003ರಲ್ಲಿ ಖಚಿತವಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಅಷ್ಟರಲ್ಲಿ ಇನ್ನೆರಡು ಪ್ರಯೋಗಗಳು ತಕರಾರು ತೆಗೆದಿದ್ದವು. ಅಮೆರಿಕದ್ದೇ 132ನೆಯ ಪ್ರಯೋಗ ಸಿಸ್‌ಪ್ಲಾಟಿನ್ ಒಂದೇ, ಪ್ಯಾಕ್ಲಿಟ್ಯಾಕ್ಸೆಲ್ ಒಂದೇ, ಎರಡೂ ಒಟ್ಟಿಗೆ ಎಂದು ಮೂರು ಗುಂಪು ಮಾಡಿತು. ಗಡ್ಡೆ ಕುಗ್ಗಿದ್ದು ಕ್ರಮವಾಗಿ ನೂರಕ್ಕೆ 67, 42 ಮತ್ತು 67 ಮಂದಿಯಲ್ಲಿ. ಬದುಕಿದ ಅವಧಿಯಲ್ಲಿ ಮೂರಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಬ್ರಿಟನ್, ಇಟಲಿ ಮತ್ತಿತರ ಕಡೆಗಳ 2074 ಮಹಿಳೆಯರ ಐಕಾನ್-3 ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಪ್ಯಾಕ್ಲಿಟ್ಯಾಕ್ಸೆಲ್ ಸೇರಿದ ಜೋಡಿಗೆ 36.1 ತಿಂಗಳು, ಅದಿಲ್ಲದ ಪ್ಲಾಟಿನಂ ಚಿಕಿತ್ಸೆಗೆ 35.4. ಎಂದರೆ ಸಮ.

ಹಾಗಾದರೆ ಯಾರು ಹೇಳಿದ್ದು ನಿಜ? ಉತ್ತರದ ಒಂದು ಎಳೆ ರೋಗಿಗಳ ಮುಂದಿನ ದಿನಗಳಲ್ಲಿತ್ತು. ಮೊದಲು ಪ್ಲಾಟಿನಂ ಮಾತ್ರ ಪಡೆದ ಅನೇಕರು, ರೋಗ ಮರುಕಳಿಸಿದಾಗ ಪ್ಯಾಕ್ಲಿಟ್ಯಾಕ್ಸೆಲ್ ಪಡೆದಿದ್ದರು. ಕೆಲವರಂತೂ ಮರುಕಳಿಸುವ ಮುಂಚೆಯೇ. ಒಟ್ಟಿಗೆ ಕೊಟ್ಟರೂ ಒಂದರ ನಂತರ ಒಂದು ಕೊಟ್ಟರೂ ಕೊನೆಗೆ ಸಿಗುವ ಆಯುಸ್ಸು ಹತ್ತಿರಹತ್ತಿರ ಒಂದೇ ಆಗಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದು ಎಳೆ, 111ನೆಯ ಪ್ರಯೋಗದಲ್ಲಿ ಎದುರಾಳಿಯಾಗಿದ್ದ ಹಳೆಯ ಜೋಡಿಯೇ ದುರ್ಬಲವಾಗಿತ್ತೇ ಎಂಬ ಅನುಮಾನ. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2003ರಲ್ಲಿ ಎರಡೂ ದಾರಿಯನ್ನು ತೆರೆದಿಟ್ಟಿತು: ಪ್ಲಾಟಿನಂ ಒಂದೇ ಕೊಡಬಹುದು, ಜೋಡಿಯನ್ನೂ ಕೊಡಬಹುದು, ರೋಗಿಯ ಜೊತೆ ಮಾತಾಡಿ ತೀರ್ಮಾನಿಸಿ. ಜಗತ್ತಿನ ಉಳಿದ ಭಾಗ ಜೋಡಿಯನ್ನೇ ಅಪ್ಪಿಕೊಂಡಿತು. ನನ್ನ ಮಟ್ಟಿಗೆ ಈ ತಕರಾರಿನಲ್ಲಿ ಒಂದು ವಿಷಯ ಸ್ಪಷ್ಟವಾಗಿದೆ. ಜೋಡಿಯ ಬೆನ್ನೆಲುಬು ಪ್ಲಾಟಿನಂ. ಕಾಡಿನ ಔಷಧಿಗೆ ಪತ್ರಿಕೆಗಳಲ್ಲಿ ಸಿಕ್ಕ ಮೆರವಣಿಗೆ ಲೋಹದ ಔಷಧಿಗೆ ಸಿಗಲಿಲ್ಲ, ಅಷ್ಟೆ.

ಎರಡು ಸರಿ, ಮೂರಾದರೆ ಇನ್ನೂ ಮೇಲಲ್ಲವೇ? ಇದನ್ನು ಕೇಳಲು ನಡೆದ ಪ್ರಯೋಗ ಈ ಇಡೀ ಚರಿತ್ರೆಯಲ್ಲೇ ದೊಡ್ಡದು. ಅಮೆರಿಕದ 182ನೆಯ ಪ್ರಯೋಗ ಮತ್ತು ಯುರೋಪಿನ ಐಕಾನ್-5 ಒಂದಾಗಿ, 2001ರಿಂದ 2004ರವರೆಗೆ 4312 ಮಹಿಳೆಯರನ್ನು ಸೇರಿಸಿಕೊಂಡವು. ಐದು ಗುಂಪು. ಒಂದಕ್ಕೆ ಎಂದಿನ ಜೋಡಿ. ಉಳಿದ ನಾಲ್ಕಕ್ಕೆ ಮೂರನೆಯ ಔಷಧಿಯೊಂದು, ಜೊತೆಯಲ್ಲೋ ಮುಂಚಿತವಾಗಿಯೋ: ಜೆಮ್‌ಸೈಟಬಿನ್, ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ ಡಾಕ್ಸೊರುಬಿಸಿನ್, ಟೋಪೊಟೆಕಾನ್. ಮೂರೂ ಒಂಟಿಯಾಗಿ ಈ ಕ್ಯಾನ್ಸರಿನ ಮೇಲೆ ಕೆಲಸ ಮಾಡುವುದು ಸಾಬೀತಾಗಿತ್ತು. ಹಳೆಯ ನಿಯಮದ ಪ್ರಕಾರ ಗೆಲ್ಲಲೇಬೇಕು.

ಟೋಪೊಟೆಕಾನ್ ವಿಷಯಕ್ಕೆ ಒಂದು ಸಣ್ಣ ಸುತ್ತು. ಇದರ ಮೂಲವಸ್ತು ಕ್ಯಾಂಪ್ಟೊಥೆಸಿನ್. ಅದನ್ನು 1966ರಲ್ಲಿ ಚೀನಾದ ಒಂದು ಮರದಿಂದ ಬೇರ್ಪಡಿಸಿದ್ದು ಅದೇ ವಾಲ್ ಮತ್ತು ವಾನಿಯವರ ಪ್ರಯೋಗಾಲಯ. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ವಿಜ್ಞಾನಿಗಳು ಇದೇ ವಸ್ತು ನಮ್ಮ ಪಶ್ಚಿಮ ಘಟ್ಟದ ಒಂದು ಮರದಲ್ಲೂ ಇದೆ, ಹೆಚ್ಚಾಗಿಯೇ ಇದೆ ಎಂದು ತೋರಿಸಿದರು. ಹೂವಿನ ಕೆಟ್ಟ ನಾತದಿಂದಾಗಿ ದುರ್ವಾಸನೆ ಮರ ಎಂದೇ ಕರೆಸಿಕೊಳ್ಳುವ ಮರ ಅದು. ಆಮೇಲೆ ಘಟ್ಟದ ಕಾಡುಗಳಲ್ಲಿ ಅದಕ್ಕೂ ಕೊಡಲಿ ಬಿತ್ತು. ಯೂ ಮರದ ಕಥೆ ನಮ್ಮ ಮಲೆನಾಡಿನಲ್ಲೂ ಸದ್ದಿಲ್ಲದೆ ನಡೆದುಹೋಯಿತು.

ಫಲಿತಾಂಶ 2009ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಐದೂ ಗುಂಪುಗಳಲ್ಲಿ ರೋಗ ಮತ್ತೆ ತಲೆಯೆತ್ತಲು ಹಿಡಿದ ಕಾಲ ಸುಮಾರು 16 ತಿಂಗಳು. ಮೂರನೆಯ ಔಷಧಿಯಿಂದ ರಕ್ತಕಣಗಳು ಹೆಚ್ಚು ಕುಸಿದವು, ಆಯುಸ್ಸು ಹೆಚ್ಚಲಿಲ್ಲ. ನಾಲ್ಕು ಸಾವಿರ ಚಿಲ್ಲರೆ ಮಹಿಳೆಯರು ಕೊಟ್ಟ ಉತ್ತರ: ಇಲ್ಲ. ಈ ‘ಇಲ್ಲ’ ಯಾವ ಪತ್ರಿಕೆಯ ಮುಖಪುಟಕ್ಕೂ ಹೋಗುವಂಥದ್ದಲ್ಲ. ಆದರೆ ಇದಿಲ್ಲದಿದ್ದರೆ ಮೂರು ಔಷಧಿಗಳ ದುಬಾರಿ ಕಟ್ಟು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಗೆ ಬರುತ್ತಿತ್ತು. ಮನೆ ಮಾರಿ ಅದನ್ನು ಕೊಳ್ಳುವವರೂ, ಕೊಳ್ಳಲಾಗಲಿಲ್ಲವಲ್ಲ ಎಂದು ಜೀವಮಾನವಿಡೀ ಕೊರಗುವ ಮಕ್ಕಳೂ ಇರುತ್ತಿದ್ದರು.

ಕೊಡುವ ರೀತಿ ಬದಲಿಸುವ ಪ್ರಯತ್ನಗಳ ಗತಿಯೂ ಹೀಗೇ ಏರಿ ಇಳಿಯಿತು. ಔಷಧಿಯನ್ನು ನೇರವಾಗಿ ಹೊಟ್ಟೆಯೊಳಕ್ಕೇ ಹರಿಸಿದ ಪ್ರಯೋಗದಲ್ಲಿ 2006ರಲ್ಲಿ 65.6 ತಿಂಗಳ ಅಂಕಿ ಬಂತು, ಎದುರಾಳಿಯದು 49.7. ಆದರೆ ನೋವು, ಸೋಂಕು, ನಳಿಕೆಯ ತೊಂದರೆಗಳಿಂದಾಗಿ ಆರೂ ಸುತ್ತು ಪೂರೈಸಿದವರು ನೂರಕ್ಕೆ 42 ಮಾತ್ರ. ಮುಂದಿನ ಪ್ರಯೋಗದಲ್ಲಿ ಆ ಲಾಭ ಮತ್ತೆ ಕಾಣಿಸಲಿಲ್ಲ. ಜಪಾನಿನವರು ಪ್ಯಾಕ್ಲಿಟ್ಯಾಕ್ಸೆಲ್ಲನ್ನು ವಾರಕ್ಕೊಮ್ಮೆ ಕೊಟ್ಟು 2009ರಲ್ಲಿ ದೊಡ್ಡ ಲಾಭ ತೋರಿಸಿದರು. ಯುರೋಪಿನವರೇ ಹೆಚ್ಚಿದ್ದ 1566 ಮಹಿಳೆಯರ ಐಕಾನ್-8ರಲ್ಲಿ ಅದು ಮರುಕಳಿಸಲಿಲ್ಲ. ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮಾಬ್ ಸೇರಿಸಿದಾಗ ರೋಗ ಮರುಕಳಿಸುವುದು ಕೆಲವು ತಿಂಗಳು ಮುಂದೆ ಹೋಯಿತು. 2011ರ ಅಮೆರಿಕದ ಪ್ರಯೋಗದಲ್ಲಿ 10.3 ತಿಂಗಳು ಇದ್ದದ್ದು 14.1 ಆಯಿತು. ಒಟ್ಟು ಆಯುಸ್ಸು ಹೆಚ್ಚಲಿಲ್ಲ, ಗಡ್ಡೆ ಹೆಚ್ಚು ಉಳಿದವರಂಥ ಕೆಲವು ಗುಂಪುಗಳನ್ನು ಬಿಟ್ಟರೆ. ರೋಗವಿಲ್ಲದ ನಾಲ್ಕು ತಿಂಗಳಿಗೆ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ.

ನಿಜವಾದ ತಿರುವು ಬಂದದ್ದು ಕೀಮೋ ಜೊತೆಯಲ್ಲಿ ಅಲ್ಲ, ಅದು ಮುಗಿದ ಮೇಲೆ. ಬಿಆರ್‌ಸಿಎ ಎಂಬ ಜೀನು ಕೆಟ್ಟಿರುವ ಕ್ಯಾನ್ಸರ್ ಕೋಶಕ್ಕೆ ಡಿಎನ್‌ಎ ರಿಪೇರಿಯ ಒಂದು ದಾರಿ ಮೊದಲೇ ಮುಚ್ಚಿರುತ್ತದೆ. ಪಾರ್ಪ್ ಎಂಬ ಕಿಣ್ವವನ್ನೂ ತಡೆದರೆ ಇನ್ನೊಂದು ದಾರಿಯೂ ಮುಚ್ಚಿ ಕೋಶ ಸಾಯುತ್ತದೆ ಎಂದು 2005ರಲ್ಲಿ ಇಂಗ್ಲೆಂಡಿನ ಎರಡು ತಂಡಗಳು ಒಟ್ಟಿಗೇ ಪ್ರಕಟಿಸಿದವು. ಹೀಗೆ ಬಂದ ಓಲಾಪರಿಬ್ ಮಾತ್ರೆಯನ್ನು ಕೀಮೋ ಜೊತೆಗೇ ಕೊಡಹೋದರೆ ಮೂಳೆಯ ಮಜ್ಜೆ ತಡೆಯುತ್ತಿರಲಿಲ್ಲ. ಕೀಮೋಗೆ ಗಡ್ಡೆ ಬಗ್ಗಿದ ಮೇಲೆ ಎರಡು ವರ್ಷ ಕೊಟ್ಟರು. ಬಿಆರ್‌ಸಿಎ ದೋಷವಿರುವ 391 ಮಹಿಳೆಯರ ಸೋಲೋ-1 ಪ್ರಯೋಗದಲ್ಲಿ, ಏಳು ವರ್ಷದ ನಂತರ ಮಾತ್ರೆ ಪಡೆದವರಲ್ಲಿ ನೂರಕ್ಕೆ 67 ಮಂದಿ ಬದುಕಿದ್ದರು. ಖಾಲಿ ಮಾತ್ರೆ ಪಡೆದವರಲ್ಲಿ ಸುಮಾರು 47. ಈ ಕಾಯಿಲೆಯಲ್ಲಿ ಇಂಥ ಅಂಕಿ ಹಿಂದೆಂದೂ ಕಂಡದ್ದಲ್ಲ. ಆದರೆ ಆ ಜೀನು ದೋಷ ಇರುವುದು ಐವರಲ್ಲಿ ಒಬ್ಬರಿಗೋ ನಾಲ್ವರಲ್ಲಿ ಒಬ್ಬರಿಗೋ.

ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿಗಳು ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಿಸಿದವು. ಅಂಡಾಶಯದಲ್ಲಿ, ಮೊದಲ ಸುತ್ತಿನ ಕೀಮೋ ಜೊತೆ ಅವೆಲುಮಾಬ್ ಸೋತಿತು, ಅಟೆಜೊಲಿಜುಮಾಬ್ ಸೋತಿತು. 2025ರಲ್ಲಿ ಮಾತ್ರ, ಪ್ಲಾಟಿನಂಗೆ ಬಗ್ಗದೆ ಮರುಕಳಿಸಿದ ರೋಗದಲ್ಲಿ ವಾರವಾರದ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಪೆಂಬ್ರೊಲಿಜುಮಾಬ್ ಕೊಟ್ಟಾಗ ಲಾಭ ಕಂಡಿತು.

ಅದೇ ವರ್ಷ ಬಂದ ಇನ್ನೊಂದು ಫಲಿತಾಂಶ ನಮ್ಮನ್ನು ಹರಳೆಣ್ಣೆಯ ಹತ್ತಿರಕ್ಕೆ ವಾಪಸು ಕರೆದೊಯ್ಯುತ್ತದೆ. ದೇಹವೇ ತಯಾರಿಸುವ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಕ್ಯಾನ್ಸರ್ ಕೋಶವನ್ನು ಕೀಮೋದಿಂದ ಕಾಪಾಡುತ್ತಿರಬಹುದು ಎಂಬುದು ಬಹುದಿನದ ಅನುಮಾನ. ರೆಲಾಕೊರಿಲೆಂಟ್ ಎಂಬ ಮಾತ್ರೆ ಆ ಕಾರ್ಟಿಸಾಲ್ ಕೂರುವ ಜಾಗವನ್ನು ಮುಚ್ಚುತ್ತದೆ. ಇದನ್ನು ಸಾಧಾರಣ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಪರೀಕ್ಷಿಸಿದರೆ ಒಂದು ತೊಡಕಿದೆ: ಹರಳೆಣ್ಣೆಯ ಅಲರ್ಜಿಗೆಂದು ವೈದ್ಯರೇ ಮೊದಲು ಸ್ಟೀರಾಯ್ಡ್ ಕೊಡಬೇಕಾಗುತ್ತದೆ. ಒಂದು ಕೈಯಿಂದ ಮುಚ್ಚಿ ಇನ್ನೊಂದು ಕೈಯಿಂದ ತೆರೆದಂತೆ. ಆದ್ದರಿಂದ ಎಣ್ಣೆಯಿಲ್ಲದೆ ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಬಳಸಿದರು. ರೊಸೆಲ್ಲಾ ಹೆಸರಿನ ಈ ಪ್ರಯೋಗಕ್ಕೆ ಸೇರಿದವರು ಪ್ಲಾಟಿನಂ ಕೈಬಿಟ್ಟ 381 ಮಹಿಳೆಯರು. ರೋಗ ಮುಂದುವರಿಯದೆ ಇದ್ದ ಕಾಲ ಐದೂವರೆ ತಿಂಗಳಿನಿಂದ ಆರೂವರೆಗೆ ಏರಿತು. ಬದುಕಿದ ಕಾಲ, ಮೊದಲ ಎಣಿಕೆಯಲ್ಲಿ, ಹನ್ನೊಂದೂವರೆ ತಿಂಗಳಿನಿಂದ ಹದಿನಾರಕ್ಕೆ.